ಎಚ್‌ಐವಿ ಬಗ್ಗೆ ಎಲ್ಲಾ ಗೊತ್ತು ಅನ್ನೋ ಕಾಲೇಜಿನವರಿಗೆ: ಗೊತ್ತಿರೋದನ್ನ ಮಾಡೋ ತನಕ ಹೋಗೋದು ಹೇಗೆ

ಡಿಸೆಂಬರ್ 1 ಬಂತು ಅಂದ್ರೆ ಕಾಲೇಜಲ್ಲಿ ಏನೇನಾಗುತ್ತೆ ಅಂತ ನಿಮಗೇ ಗೊತ್ತು, ಕೆಂಪು ರಿಬ್ಬನ್ ರಂಗೋಲಿ, ಒಂದು ಜಾಥಾ, ಎನ್‌ಎಸ್‌ಎಸ್‌ನವರ ಬೀದಿ ನಾಟಕ, ಆಮೇಲೆ ಕ್ವಿಜ್, ಗೆದ್ದವರಿಗೆ ಸರ್ಟಿಫಿಕೇಟು. ಎಚ್‌ಐವಿ ಹರಡೋ ನಾಲ್ಕು ದಾರಿ ಯಾವುದು ಅಂದ್ರೆ ಲಾಸ್ಟ್ ಬೆಂಚಿನವನೂ ಪಟಪಟ ಅಂತ ಹೇಳ್ತಾನೆ. ಅದೇ ಹುಡುಗನ್ನ ಪಕ್ಕಕ್ಕೆ ಕರೆದು, ನಿಮ್ಮ ತಾಲೂಕಲ್ಲಿ ಫ್ರೀಯಾಗಿ ಟೆಸ್ಟ್ ಮಾಡೋದು ಎಲ್ಲಿ, ಕಾಂಡೋಮ್ ಪ್ಯಾಕೆಟ್ ಮೇಲೆ ಮೊದಲು ಏನು ನೋಡ್ಬೇಕು, ನಿನ್ನೆ ರಾತ್ರಿ ಏನೋ ಎಡವಟ್ಟಾಗಿದ್ರೆ ಇವತ್ತು ಎಲ್ಲಿಗೆ ಓಡ್ಬೇಕು ಅಂತ ಕೇಳಿ ನೋಡಿ. ತಲೆ ಕೆರ್ಕೊಳ್ತಾನೆ. ಎಲ್‌ಎಲ್ ಟೆಸ್ಟ್ ಪಾಸಾದವನ ಕೈಗೆ ಗಾಡಿ ಕೊಟ್ಟು ಸಂಜೆ ಆರು ಗಂಟೆಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ಬಿಟ್ಟಂಗಿರುತ್ತೆ ಅವನ ಕಥೆ.

ಇದು ನಮ್ಮ ಹುಡುಗ್ರದ್ದೇ ತಪ್ಪು ಅಂತ ಬೈಯೋಕೆ ಹೋಗ್ಬೇಡಿ. ಜೆಫ್ರಿ ಫಿಶರ್, ವಿಲಿಯಂ ಫಿಶರ್ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು 1992ರಲ್ಲೇ ಇದನ್ನ ಹೇಳಿದ್ದರು. ಅವರ ಲೆಕ್ಕದಲ್ಲಿ ಮೂರು ಬೇಕು: ವಿಷಯ ಗೊತ್ತಿರಬೇಕು, ಮಾಡೋಕೆ ಮನಸ್ಸಿರಬೇಕು, ಮಾಡೋದು ಹೇಗೆ ಅನ್ನೋ ಅಭ್ಯಾಸ ಇರಬೇಕು. ಬರೀ ಗೊತ್ತಿದ್ರೆ ಸಾಲಲ್ಲ, ಗೊತ್ತಿರೋದೂ ಮನಸ್ಸೂ ಎರಡೂ ಸೇರಿ ಅಭ್ಯಾಸದ ಮೂಲಕನೇ ಹೊರಗೆ ಬರಬೇಕು. ಅಮೆರಿಕದ ಕಾಲೇಜ್ ಹಾಸ್ಟೆಲ್‌ಗಳಲ್ಲೇ ಇದನ್ನ ಟ್ರೈ ಮಾಡಿ 1996ರಲ್ಲಿ ರಿಸಲ್ಟ್ ಕೊಟ್ಟರು, ಮೂರನ್ನೂ ಕಲಿಸಿದ ಕಡೆ ಕಾಂಡೋಮ್ ಬಳಕೆ ಜಾಸ್ತಿ ಆಗಿತ್ತು. ನಮ್ಮಲ್ಲಿ ಮೊದಲನೇದಕ್ಕೆ ಕ್ವಿಜ್ ಇದೆ, ಮಿಕ್ಕ ಎರಡಕ್ಕೆ ಏನೂ ಇಲ್ಲ. ಅದಕ್ಕೇ ಈ ಲೇಖನ, ನಿಮಗೆ ನೀವೇ ಮಾಡ್ಕೊಳೋ ಹಂಗೆ ಒಂದೊಂದೇ ಹೆಜ್ಜೆ ಬರೀತೀನಿ.

ಹೆಜ್ಜೆ 1: ಗೊತ್ತಿರೋದನ್ನ ಒಂದ್ಸಲ ಜರಡಿ ಹಿಡೀರಿ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 15ರಿಂದ 49 ವಯಸ್ಸಿನವರಲ್ಲಿ ಎಚ್‌ಐವಿ ಬಗ್ಗೆ ಪೂರ್ತಿ ಸರಿಯಾದ ತಿಳುವಳಿಕೆ ಇದ್ದದ್ದು ಹೆಂಗಸರಲ್ಲಿ ಶೇ. 21.6, ಗಂಡಸರಲ್ಲಿ ಶೇ. 30.7. ಹೆಸರು ಕೇಳಿರೋರು ಇದಕ್ಕಿಂತ ಎಷ್ಟೋ ಜಾಸ್ತಿ. ಅಂದ್ರೆ ಅರ್ಧ ಗೊತ್ತು, ಇನ್ನರ್ಧ ತಪ್ಪು ಗೊತ್ತು.

ಬೇಗ ಬೇಗ ಚೆಕ್ ಮಾಡ್ಕೊಳಿ. ಸೊಳ್ಳೆಯಿಂದ ಬರಲ್ಲ. ಮೆಸ್ಸಿನ ತಟ್ಟೆ, ಒಂದೇ ಬಾಟಲ್ ನೀರು, ಹಾಸ್ಟೆಲ್ ಟಾಯ್ಲೆಟ್ಟು, ತಬ್ಬಿಕೊಳೋದು, ಜೊತೆಲಿ ಮಲಗೋದು, ಯಾವುದರಿಂದನೂ ಬರಲ್ಲ. ಬರೋದು ಕಾಂಡೋಮ್ ಇಲ್ಲದ ಸೆಕ್ಸಿಂದ (ಗುದಸಂಭೋಗದಲ್ಲಿ ಅಪಾಯ ಇನ್ನೂ ಜಾಸ್ತಿ, ಇದನ್ನ ಯಾವ ಜಾಥಾದಲ್ಲೂ ಹೇಳಲ್ಲ), ಒಬ್ಬರು ಚುಚ್ಚಿಕೊಂಡ ಸೂಜಿ ಇನ್ನೊಬ್ಬರು ಚುಚ್ಚಿಕೊಂಡ್ರೆ, ಸೋಂಕಿರೋ ರಕ್ತ ಏರಿಸಿದ್ರೆ, ಚಿಕಿತ್ಸೆ ತಗೊಳ್ಳದ ತಾಯಿಯಿಂದ ಮಗುಗೆ. ಜಾತ್ರೇಲಿ, ಬೀಚಲ್ಲಿ ಕೂತ್ಕೊಂಡು ಒಂದೇ ಸೂಜಿಲಿ ಹತ್ತು ಜನಕ್ಕೆ ಹಚ್ಚೆ ಹಾಕೋರ ಹತ್ರ ಕೈ ಕೊಡಬೇಡಿ, ಅಲ್ಲಿ ಎಚ್‌ಐವಿಗಿಂತ ಹೆಪಟೈಟಿಸ್ ಭಯ ಜಾಸ್ತಿ, ಹೊಸ ಸೂಜಿನ ನಿಮ್ಮೆದುರೇ ಕವರ್ ಹರಿದು ತೆಗೀಬೇಕು.

ಇನ್ನು ಓದಿರೋರಿಗೂ ಗೊತ್ತಿಲ್ಲದ ಮೂರು ವಿಷಯ. ಒಂದು, ಸೋಂಕು ತಗಲಿ ಎರಡು ನಾಲ್ಕು ವಾರಕ್ಕೆ ಕೆಲವರಿಗೆ ಜ್ವರ, ಗಂಟಲು ನೋವು, ಮೈಮೇಲೆ ದದ್ದು ಬಂದು ಹೋಗುತ್ತೆ, ಕೆಲವರಿಗೆ ಅದೂ ಬರಲ್ಲ, ಆಮೇಲೆ ವರ್ಷಗಟ್ಟಲೆ ಏನೂ ಕಾಣಲ್ಲ, ಜಿಮ್ಮಲ್ಲಿ ಮೈ ಬೆಳೆಸ್ಕೊಂಡು ಓಡಾಡ್ತಿರಬಹುದು. ಎರಡು, ಎಚ್‌ಐವಿ ಇದ್ದು ದಿನಾ ಮಾತ್ರೆ ತಗೊಂಡು, ರಕ್ತದಲ್ಲಿ ವೈರಸ್ ಟೆಸ್ಟಿಗೆ ಸಿಗದಷ್ಟು ಕಮ್ಮಿ ಆಗಿ ಹಂಗೇ ಉಳಿದವರಿಂದ ಸೆಕ್ಸ್ ಮೂಲಕ ಇನ್ನೊಬ್ಬರಿಗೆ ಹರಡಲ್ಲ. 2016 ಮತ್ತು 2019ರಲ್ಲಿ ಬಂದ ಯುರೋಪಿನ ಪಾರ್ಟ್ನರ್ ಅಧ್ಯಯನಗಳಲ್ಲಿ, ಇಂಥಾ ಜೋಡಿಗಳು ಕಾಂಡೋಮ್ ಇಲ್ಲದೆ ಸೇರಿದ್ರೂ ಆ ಸಂಗಾತಿಯಿಂದ ಒಂದೇ ಒಂದು ಸೋಂಕೂ ಹರಡಲಿಲ್ಲ. ಮೂರು, ಎಮರ್ಜೆನ್ಸಿ ಮಾತ್ರೆ ಗರ್ಭ ತಡೆಯುತ್ತೆ ಅಷ್ಟೇ, ಎಚ್‌ಐವಿಗೂ ಅದಕ್ಕೂ ಸಂಬಂಧನೇ ಇಲ್ಲ.

ಈ ಮೂರನೇದು ಯಾಕೆ ಹೇಳ್ದೆ ಅಂದ್ರೆ ನಮ್ಮ ಕ್ಯಾಂಪಸ್‌ಗಳಲ್ಲಿ ಭಯ ಎಲ್ಲಾ ಗರ್ಭದ್ದೇ. ಸರ್ಕಾರದ ಕಾಂಡೋಮ್ ನಿರೋಧ್ ನಮ್ಮ ದೇಶಕ್ಕೆ ಬಂದಿದ್ದು 1968ರಲ್ಲಿ, ಕುಟುಂಬ ಯೋಜನೆ ಅಂತ. ಎಚ್‌ಐವಿ ಇಲ್ಲಿ ಮೊದಲು ಪತ್ತೆ ಆಗಿದ್ದು 1986ರಲ್ಲಿ, ಚೆನ್ನೈನಲ್ಲಿ. ಕಾಂಡೋಮ್ ಅಂದ್ರೆ ಮಕ್ಕಳಾಗದೇ ಇರೋಕೆ ಅಂತ ಅಷ್ಟರಲ್ಲಿ ತಲೇಲಿ ಕೂತಿತ್ತು, ಇವತ್ತಿಗೂ ಕೂತಿದೆ. ಮಾತ್ರೆ ಇದೆಯಲ್ಲ ಅಂದ ತಕ್ಷಣ ಕಾಂಡೋಮ್ ಬಿಟ್ಟುಬಿಡ್ತಾರೆ.

ಹೆಜ್ಜೆ 2: ನಿಮಗೆ ನೀವೇ ಹೇಳ್ಕೊಳೋ ಸಮಾಧಾನ ಹಿಡೀರಿ

ಇದೇ ಎಲ್ಲಕ್ಕಿಂತ ಕಷ್ಟ, ಹಂಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ತೀನಿ.

ಗೊತ್ತಿದ್ದೂ ಮಾಡದೇ ಇರೋರು ದಡ್ಡರೇನಲ್ಲ, ಅವರ ಹತ್ರ ಒಂದೊಂದು ಸಮಾಧಾನದ ಮಾತು ರೆಡಿ ಇರುತ್ತೆ. ಒಂದು ಪೇಪರ್ ತಗೊಂಡು (ಫೋನಲ್ಲಿ ಬೇಡ, ರೂಮ್‌ಮೇಟ್ ನೋಡ್ತಾನೆ) ನಿಮ್ಮ ಮಾತು ಯಾವುದು ಅಂತ ಬರೀರಿ. ಸಾಮಾನ್ಯವಾಗಿ ಕೇಳೋ ಮಾತುಗಳು ಇವು.

"ಅದೆಲ್ಲ ಲಾರಿ ಡ್ರೈವರ್‌ಗಳಿಗೆ, ಆ ಥರದವರಿಗೆ ಬರೋದು." ಈ ಮಾತಿಗೆ ಕಾರಣ ಹಳೇ ಪೋಸ್ಟರ್‌ಗಳೇ, ತಲೆಬುರುಡೆ ಹಾಕಿ, ಹೆದ್ದಾರಿ ಹಾಕಿ, ಎಚ್‌ಐವಿ ಅಂದ್ರೆ ಬೇರೆ ಯಾರದ್ದೋ ಕಾಯಿಲೆ ಅನ್ನೋ ಹಂಗೆ ಮಾಡಿಟ್ರು. ದೇಶದಲ್ಲಿ ಸುಮಾರು 24 ಲಕ್ಷ ಜನ ಎಚ್‌ಐವಿ ಜೊತೆ ಬದುಕ್ತಿದ್ದಾರೆ ಅಂತ 2021ರ ಸರ್ಕಾರಿ ಅಂದಾಜು, ಕರ್ನಾಟಕದ ಪ್ರಮಾಣ ದೇಶದ ಸರಾಸರಿಗಿಂತ ಹೆಚ್ಚಿದೆ. ವೈರಸ್ಸಿಗೆ ನಿಮ್ಮ ಸಿಜಿಪಿಎ ಗೊತ್ತಾಗಲ್ಲ.

"ಅವಳು ಅಂಥವಳಲ್ಲ", "ಅವನು ಒಳ್ಳೆ ಫ್ಯಾಮಿಲಿ ಹುಡುಗ". ಎಲ್ಲಕ್ಕಿಂತ ಡೇಂಜರ್ ಮಾತು ಇದು. ಪರಿಚಯ ಇರೋರು ಸೇಫು ಅನ್ನೋ ಈ ನಂಬಿಕೆ 1990ರ ದಶಕದ ಅಮೆರಿಕದ ಕಾಲೇಜ್ ಹುಡುಗರಲ್ಲೂ ಹಿಂಗೇ ಸಿಕ್ಕಿತ್ತು. ಮೊದಲ ಒಂದೆರಡು ತಿಂಗಳು ಕಾಂಡೋಮ್ ಇರುತ್ತೆ, ಆಮೇಲೆ ಲವ್ ಸೀರಿಯಸ್ ಆಯ್ತು ಅಂತ ಬಿಡ್ತಾರೆ, ಇಬ್ಬರಲ್ಲಿ ಒಬ್ಬರೂ ಟೆಸ್ಟ್ ಮಾಡಿಸಿರಲ್ಲ. ಅವರಿಗಿಂತ ಮುಂಚೆ ಯಾರಿದ್ದರು ಅಂತ ಕೇಳೋಕೂ ಸಂಕೋಚ. ನಂಬಿಕೆ ಇರಲಿ, ಬೇಡ ಅಂದವರು ಯಾರು, ಇಬ್ಬರೂ ಹೋಗಿ ಟೆಸ್ಟ್ ಮಾಡಿಸ್ಕೊಂಡು ಆಮೇಲೆ ನಂಬಿ.

"ಕೇಳಿದ್ರೆ ಏನಂದ್ಕೋತಾರೋ." ಹುಡುಗಿಯರಿಗೆ ಇದು ಡಬಲ್ ಕಷ್ಟ. ಬ್ಯಾಗಲ್ಲಿ ಕಾಂಡೋಮ್ ಇಟ್ಕೊಂಡ ಹುಡುಗನ್ನ ರೆಡಿ ಇದಾನೆ ಅಂತ ನಗ್ತಾರೆ, ಹುಡುಗಿ ಇಟ್ಕೊಂಡ್ರೆ ಅವಳ ಕ್ಯಾರೆಕ್ಟರ್ ಬಗ್ಗೆ ಮಾತಾಡ್ತಾರೆ. ಇದನ್ನ ನೀವೊಬ್ಬರೇ ಬದಲಾಯಿಸೋಕಾಗಲ್ಲ, ಆದ್ರೆ ನಿಮ್ಮ ಗ್ಯಾಂಗಲ್ಲಿ ಯಾರಾದ್ರೂ ಹಂಗೆ ಮಾತಾಡ್ದಾಗ "ಬಿಡೋ ಮಗಾ, ಬುದ್ಧಿ ಇರೋ ಹುಡುಗಿ ಅವಳು" ಅಂತ ಒಂದು ಮಾತು ಹೇಳಿದ್ರೆ ಕ್ವಿಜ್ಜಿಗಿಂತ ಜಾಸ್ತಿ ಕೆಲಸ ಆಗುತ್ತೆ. ಜೊತೆಯವರು ಏನಂದ್ಕೋತಾರೆ ಅನ್ನೋದೇ ನಮ್ಮ ವಯಸ್ಸಲ್ಲಿ ಅರ್ಧ ಮನಸ್ಸನ್ನ ನಡೆಸೋದು.

"ಬಂದ್ರೂ ಏನ್ ಮಾಡೋಕಾಗುತ್ತೆ, ಸಾಯೋದೇ ತಾನೆ." ಇದು ಭಯ ಜಾಸ್ತಿ ಆದವರ ಮಾತು. ಸುಮ್ನೆ ಹೆದರಿಸಿಬಿಟ್ರೆ ಜನ ಕಾಂಡೋಮ್ ಹಾಕ್ಕೊಳಲ್ಲ, ಟೆಸ್ಟಿಂದ ದೂರ ಓಡ್ತಾರೆ ಅಷ್ಟೆ. ವಿಷಯ ಏನಪ್ಪಾ ಅಂದ್ರೆ 2004ರಿಂದ ಸರ್ಕಾರ ಎಆರ್‌ಟಿ ಅನ್ನೋ ಎಚ್‌ಐವಿ ಹತೋಟಿಲಿಡೋ ಮಾತ್ರೆ ಫ್ರೀ ಕೊಡ್ತಿದೆ, 2017ರಿಂದ ಪಾಸಿಟಿವ್ ಬಂದ ಕೂಡ್ಲೇ ಶುರು ಮಾಡ್ತಾರೆ, ಮಾತ್ರೆ ಬಿಡದೆ ತಗೊಳೋರು ಡಿಗ್ರಿ ಮುಗಿಸಿ, ಕೆಲಸಕ್ಕೆ ಸೇರಿ, ಮದುವೆ ಆಗಿ ಮಕ್ಕಳು ಮಾಡ್ಕೊಂಡು ಹೆಚ್ಚುಕಮ್ಮಿ ಎಲ್ಲರಷ್ಟೇ ಕಾಲ ಬದುಕ್ತಾರೆ.

ನಿಮ್ಮ ಮಾತು ಯಾವುದು ಅಂತ ಸಿಕ್ಕ ಮೇಲೆ ಅದರ ಎದುರಿಗೆ ನಿಮಗೆ ನಿಜವಾಗ್ಲೂ ಮುಖ್ಯ ಅನ್ನಿಸೋ ಒಂದು ಕಾರಣ ಬರೀರಿ. ದೇಶಕ್ಕೋಸ್ಕರ, ಸಮಾಜಕ್ಕೋಸ್ಕರ ಅಂತ ಬರೀಬೇಡಿ, ಅದು ಭಾಷಣಕ್ಕೆ ಸರಿ. ಫೈನಲ್ ಇಯರಲ್ಲಿ ಪ್ಲೇಸ್‌ಮೆಂಟ್ ಬಿಟ್ಟು ಬೇರೆ ಟೆನ್ಷನ್ ಬೇಡ, ಅವಳಿಗೆ ನನ್ನಿಂದ ಏನೂ ಆಗಬಾರದು, ಆಮೇಲೆ ಮೂರು ತಿಂಗಳು ನಿದ್ದೆಗೆಡೋ ಶಕ್ತಿ ನನಗಿಲ್ಲ, ಇಂಥವು ಸಾಕು. ಯಾರ ಜೊತೆನೂ ಈಗ ಬೇಡ ಅಂತ ತೀರ್ಮಾನ ಮಾಡೋದೂ ಒಂದು ಒಳ್ಳೆ ಉತ್ತರನೇ, ಯಾರೂ ನಗೋ ಹಂಗಿಲ್ಲ. ಮತ್ತೆ ಇದನ್ನೆಲ್ಲ ಕುಡಿದಿಲ್ಲದಾಗ ತೀರ್ಮಾನ ಮಾಡಿ, ಗೋಕರ್ಣ ಟ್ರಿಪ್ಪಲ್ಲಿ ಮೂರನೇ ಬಿಯರ್ ಆದ್ಮೇಲೆ ಯಾವ ಪ್ರೇರಣೆನೂ ಕೆಲಸಕ್ಕೆ ಬರಲ್ಲ.

ಹೆಜ್ಜೆ 3: ಕೈಗೆ ಅಭ್ಯಾಸ

ಮೊದಲು ಮೆಡಿಕಲ್ ಶಾಪಿಗೆ ಹೋಗಿ. ಬೇಕಾದಾಗ ಹೋಗೋದಲ್ಲ, ಬೇಡದೇ ಇದ್ದಾಗಲೇ ಹೋಗಿ ಒಂದ್ಸಲ ತಗೊಂಡು ಬನ್ನಿ. "ಅಣ್ಣಾ, ಒಂದು ಪ್ಯಾಕ್ ಕಾಂಡೋಮ್ ಕೊಡಿ", ಮುಗೀತು. ಪ್ರಿಸ್ಕ್ರಿಪ್ಷನ್ ಬೇಡ, ಮದುವೆ ಆಗಿದ್ಯಾ ಅಂತ ಕೇಳೋ ಹಕ್ಕು ಅವರಿಗಿಲ್ಲ. ಅವರು ಪೇಪರಲ್ಲಿ ಸುತ್ತಿ ಕರಿ ಕವರಲ್ಲಿ ಹಾಕಿ ಕೊಡ್ತಾರೆ, ಅದೊಂದು ನಮ್ಮೂರ ಸಂಪ್ರದಾಯ, ತಲೆ ಕೆಡಿಸ್ಕೊಬೇಡಿ. ಅಂಗಡಿಯವರು ಪರಿಚಯ ಅಂತ ಮುಜುಗರ ಆದ್ರೆ ಬೇರೆ ಏರಿಯಾ, ಇಲ್ಲಾಂದ್ರೆ ಆನ್‌ಲೈನ್, ಸರ್ಕಾರಿ ಆಸ್ಪತ್ರೆಗಳಲ್ಲಿ ಫ್ರೀ.

ಪ್ಯಾಕೆಟ್ ಮೇಲೆ ಎಕ್ಸ್‌ಪೈರಿ ಡೇಟ್ ನೋಡಿ. ಬೆರಳಲ್ಲಿ ಮೆತ್ತಗೆ ಒತ್ತಿ, ಒಳಗೆ ಗಾಳಿ ಇರೋದು ಗೊತ್ತಾಗಬೇಕು, ಇಲ್ಲಾಂದ್ರೆ ಎಲ್ಲೋ ತೂತಾಗಿದೆ. ಪರ್ಸಲ್ಲಿ ಇಟ್ಕೊಂಡು ಅದರ ಮೇಲೆ ಕೂತು ಕೂತು ತಿಂಗಳುಗಟ್ಟಲೆ ಓಡಾಡೋದು, ಬೈಕ್ ಸೀಟ್ ಕೆಳಗಡೆ ಇಡೋದು ಬೇಡ, ಶಾಖಕ್ಕೆ ಲೇಟೆಕ್ಸ್ ಹಾಳಾಗುತ್ತೆ. ಹಲ್ಲಲ್ಲಿ ಹರೀಬೇಡಿ. ಸುರುಳಿ ಹೊರಮುಖವಾಗಿದ್ಯಾ ನೋಡ್ಕೊಂಡು, ತುದಿನ ಎರಡು ಬೆರಳಲ್ಲಿ ಹಿಡಿದು ಗಾಳಿ ತೆಗೆದು, ಶುರುವಲ್ಲೇ ಹಾಕಬೇಕು, ಕೊನೇಲಿ ಹಾಕ್ಕೊಂಡ್ರಾಯ್ತು ಅನ್ನೋದು ಕೆಲಸಕ್ಕೆ ಬರಲ್ಲ. ಉಲ್ಟಾ ಹಾಕಿದ್ದು ಗೊತ್ತಾದ್ರೆ ತಿರುಗಿಸಿ ಹಾಕಬೇಡಿ, ಬಿಸಾಕಿ ಹೊಸದು ತಗೊಳಿ. ಮುಗಿದ ತಕ್ಷಣ ಬುಡ ಹಿಡ್ಕೊಂಡು ಹೊರಗೆ ತೆಗೀರಿ, ಗಂಟು ಹಾಕಿ ಪೇಪರಲ್ಲಿ ಸುತ್ತಿ ಕಸದ ಬುಟ್ಟಿಗೆ, ಟಾಯ್ಲೆಟ್ಟಿಗೆ ಹಾಕಿದ್ರೆ ನಾಳೆ ಪಿಜಿ ಓನರ್ ಪ್ಲಂಬರ್ ಕರೆಸ್ತಾರೆ.

ಕೊಬ್ಬರಿ ಎಣ್ಣೆ! ದಯವಿಟ್ಟು ಬೇಡ. ವ್ಯಾಸಲೀನ್, ಬಾಡಿ ಲೋಷನ್ನೂ ಬೇಡ, ಎಣ್ಣೆ ತಾಗಿದ ಲೇಟೆಕ್ಸ್ ಕೆಲವೇ ನಿಮಿಷದಲ್ಲಿ ಬಲ ಕಳ್ಕೊಂಡು ಹರಿಯುತ್ತೆ. ನೀರಿನ ಬೇಸ್ ಇರೋ ಲೂಬ್ರಿಕೆಂಟ್ ಮೆಡಿಕಲಲ್ಲೇ ಸಿಗುತ್ತೆ. ಎರಡು ಕಾಂಡೋಮ್ ಒಟ್ಟಿಗೆ ಹಾಕಿದ್ರೆ ಡಬಲ್ ಸೇಫ್ಟಿ ಅನ್ನೋದೂ ಸುಳ್ಳು, ಒಂದಕ್ಕೊಂದು ಉಜ್ಜಿ ಎರಡೂ ಹರಿಯೋ ಚಾನ್ಸ್ ಇರುತ್ತೆ.

ಹೆಜ್ಜೆ 4: ಬಾಯಿಗೆ ಅಭ್ಯಾಸ

ನಮ್ಮ ಮೈಸೂರಲ್ಲಿ ಆಶೋದಯ ಸಮಿತಿ ಅಂತ ಲೈಂಗಿಕ ವೃತ್ತಿಯಲ್ಲಿರೋರೇ ಕಟ್ಟಿಕೊಂಡ ಸಂಘಟನೆ ಇದೆ. ಎಚ್‌ಐವಿ ತಡೆಯೋ ಕೆಲಸದಲ್ಲಿ ಜೊತೆಯವರೇ ಜೊತೆಯವರಿಗೆ ಹೇಳಿಕೊಡೋ ದಾರಿ ಹಿಡಿದವರು. ಕಾಂಡೋಮ್ ಬೇಡ ಅನ್ನೋ ಗಿರಾಕಿಗೆ ಏನು ಹೇಳಬೇಕು ಅನ್ನೋದನ್ನ ಭಾಷಣ ಮಾಡೋ ಡಾಕ್ಟರಿಗಿಂತ ಅದನ್ನ ದಿನಾ ಎದುರಿಸೋ ಹೆಂಗಸು ಚೆನ್ನಾಗಿ ಹೇಳ್ತಾಳೆ. ಕಾಲೇಜಿನವರು ಇವರಿಂದ ಕಲಿಯೋದಿದೆ ಅಂದ್ರೆ ಕೆಲವರಿಗೆ ಮೂಗು ಮುರಿಯೋ ಹಂಗಾಗುತ್ತೆ, ಆಗಲಿ.

ಮಾತು ಮುಂಚೆನೇ ಆಡಿ, ಲೈಟ್ ಆಫ್ ಆದ್ಮೇಲೆ ಅಲ್ಲ. ವಾಟ್ಸಾಪಲ್ಲಿ ಟೈಪ್ ಮಾಡಿದ್ರೂ ನಡೆಯುತ್ತೆ. ಆ ಕಡೆಯಿಂದ ಬರೋ ಮಾತುಗಳು ಹೆಚ್ಚುಕಮ್ಮಿ ಇವೇ ಇರುತ್ತೆ, ಉತ್ತರ ಬಾಯಿಪಾಠ ಮಾಡ್ಕೊಳಿ:

"ನನ್ ಮೇಲೆ ನಂಬಿಕೆ ಇಲ್ವಾ?" ಅಂದ್ರೆ "ನಂಬಿಕೆ ಇದೆ ಕಣೋ, ಟೆಸ್ಟ್ ಇಬ್ಬರದ್ದೂ ಆಗಿಲ್ಲ, ನಂದೂ ಆಗಿಲ್ಲ."

"ಹಾಕ್ಕೊಂಡ್ರೆ ಮಜಾ ಇರಲ್ಲ" ಅಂದ್ರೆ "ಟೆನ್ಷನ್ ಇದ್ರೆ ನಂಗೆ ಮಜಾನೇ ಇರಲ್ಲ."

"ಇವತ್ತೊಂದಿನ" ಅಂದ್ರೆ "ಹಂಗಾದ್ರೆ ಇವತ್ತು ಬೇಡ ಬಿಡು."

ಆಮೇಲೂ ಒತ್ತಾಯ ಮಾಡಿದ್ರೆ ಅದು ಕಾಂಡೋಮ್ ವಿಷಯ ಅಲ್ಲ, ಒಪ್ಪಿಗೆ ವಿಷಯ, ಎದ್ದು ಬನ್ನಿ.

ಹೆಜ್ಜೆ 5: ಟೆಸ್ಟ್

ಜಿಲ್ಲಾಸ್ಪತ್ರೆ, ತಾಲೂಕು ಆಸ್ಪತ್ರೆ, ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರೆಗಳಲ್ಲಿ ಐಸಿಟಿಸಿ ಅಂತ ಎಚ್‌ಐವಿ ಸಲಹೆ ಕೊಟ್ಟು ಟೆಸ್ಟ್ ಮಾಡೋ ಒಂದು ರೂಮಿರುತ್ತೆ, ಬೆಂಗಳೂರಲ್ಲಿ ವಿಕ್ಟೋರಿಯಾ, ಬೌರಿಂಗ್, ಮೈಸೂರಲ್ಲಿ ಕೆಆರ್ ಆಸ್ಪತ್ರೆ, ಮಂಗಳೂರಲ್ಲಿ ವೆನ್ಲಾಕ್, ಹುಬ್ಬಳ್ಳಿಲಿ ಕಿಮ್ಸ್ (ಈಗ ಕೆಎಂಸಿಆರ್‌ಐ). ಹುಡುಕೋಕೆ ಗೊತ್ತಾಗ್ಲಿಲ್ಲ ಅಂದ್ರೆ 1097ಗೆ ಫೋನ್ ಮಾಡಿ, ಟೋಲ್ ಫ್ರೀ, ಕನ್ನಡದಲ್ಲೇ ಮಾತಾಡ್ಬಹುದು. ಒಳಗೆ ಹೋದ್ರೆ ಮೊದಲು ಕೌನ್ಸೆಲರ್ ಮಾತಾಡ್ತಾರೆ, ಆಮೇಲೆ ರಕ್ತ ತಗೋತಾರೆ, ಸಾಮಾನ್ಯವಾಗಿ ರಿಸಲ್ಟ್ ಅವತ್ತೇ ಸಿಗುತ್ತೆ, ಪಾಸಿಟಿವ್ ಅಂತ ಹೇಳೋ ಮುಂಚೆ ಬೇರೆ ಬೇರೆ ಮೂರು ಕಿಟ್ಟಲ್ಲಿ ನೋಡಿರ್ತಾರೆ. ದುಡ್ಡು ಕೇಳಲ್ಲ. 18 ತುಂಬಿಲ್ಲದಿದ್ರೆ ಪೋಷಕರ ಒಪ್ಪಿಗೆ ಬೇಕಾಗುತ್ತೆ.

2017ರ ಎಚ್‌ಐವಿ ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಲಿದೆ. ಅದರ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡೋ ಹಂಗಿಲ್ಲ, ರಿಸಲ್ಟನ್ನ ಪ್ರಿನ್ಸಿಪಾಲ್, ವಾರ್ಡನ್ ಯಾರಿಗೂ ಹೇಳೋ ಹಂಗಿಲ್ಲ, ಪಾಸಿಟಿವ್ ಅನ್ನೋ ಕಾರಣಕ್ಕೆ ಸೀಟು, ರೂಮು, ಕೆಲಸ ಕಿತ್ಕೊಳೋ ಹಂಗೂ ಇಲ್ಲ. ಹುಡುಗರ ಜೊತೆ ಸಂಬಂಧ ಇರೋ ಹುಡುಗರು ಕೌನ್ಸೆಲರ್ ಹತ್ರ ಇದ್ದದ್ದನ್ನ ಇದ್ದಂಗೆ ಹೇಳಿ, ಒಪ್ಪಿಗೆ ಇರೋ ವಯಸ್ಕರ ಸಂಬಂಧ ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿಯಾಗಿದೆ.

ವಿಂಡೋ ಪೀರಿಯಡ್, ಅಂದ್ರೆ ಸೋಂಕು ತಗಲಿದ್ರೂ ಟೆಸ್ಟಿಗೆ ಸಿಗದೇ ಇರೋ ಮೊದಲ ದಿನಗಳು, ಅದನ್ನ ಮರೀಬೇಡಿ. ಸೋಂಕು ತಗಲಿದ ಮಾರನೇ ದಿನ ಟೆಸ್ಟ್ ಮಾಡಿಸಿದ್ರೆ ನೆಗೆಟಿವ್ವೇ ಬರುತ್ತೆ, ಅದಕ್ಕೆ ಅರ್ಥ ಇಲ್ಲ. ಈಗ ಒಂದ್ಸಲ, ಮತ್ತೆ ಮೂರು ತಿಂಗಳಾದ ಮೇಲೆ ಇನ್ನೊಂದ್ಸಲ ಮಾಡಿಸಿ, ಮಧ್ಯದಲ್ಲಿ ಕಾಂಡೋಮ್ ಬಿಡಬೇಡಿ. ಇನ್ನೊಂದು ಮಾತು, ಕಾಲೇಜಲ್ಲಿ ರಕ್ತದಾನ ಶಿಬಿರ ಬಂದಾಗ ಹೆಂಗೂ ಟೆಸ್ಟ್ ಮಾಡ್ತಾರಲ್ಲ ಅಂತ ಹೋಗಿ ಮಲಗೋರು ಇದ್ದಾರೆ, ಅದು ಮಹಾ ತಪ್ಪು. ವಿಂಡೋ ಪೀರಿಯಡ್ಡಲ್ಲಿ ಟೆಸ್ಟಿಗೆ ಸಿಗದ ರಕ್ತ ಯಾರೋ ಬಾಣಂತಿಗೆ ಹೋಗಬಹುದು. ಡೌಟಿದ್ದವರು ದಾನ ಮಾಡ್ಬೇಡಿ, ಐಸಿಟಿಸಿಗೆ ಹೋಗಿ.

ಹೆಜ್ಜೆ 6: ಎಡವಟ್ಟಾದ್ರೆ 72 ಗಂಟೆ

ಕಾಂಡೋಮ್ ಹರೀತು, ಹಾಕ್ಲೇ ಇಲ್ಲ, ಅಥವಾ ಯಾರೋ ಬಲವಂತ ಮಾಡಿದ್ರು. ಅಳ್ತಾ ಕೂತ್ಕೊಳೋ ಟೈಮಲ್ಲ. ಎಚ್‌ಐವಿ ಸೋಂಕು ಆಗದಂಗೆ ತಡೆಯೋಕೆ ಪೆಪ್ ಅಂತ ಮಾತ್ರೆಗಳ ಕೋರ್ಸಿದೆ, 72 ಗಂಟೆ ಒಳಗೆ ಶುರು ಮಾಡಬೇಕು, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು, 28 ದಿನ ಬಿಡದೆ ತಗೋಬೇಕು. ಮೂರು ದಿನ ಗೂಗಲ್ ಮಾಡ್ತಾ ಕೂತು ನಾಲ್ಕನೇ ದಿನ ಡಾಕ್ಟರ್ ಹತ್ರ ಹೋಗೋದೇ ಜಾಸ್ತಿ ನಡೆಯೋದು. ಸೀದಾ ದೊಡ್ಡ ಆಸ್ಪತ್ರೆ ಎಮರ್ಜೆನ್ಸಿಗೆ ಹೋಗಿ "ಪೆಪ್ ಬೇಕು" ಅಂತ ಅದೇ ಪದ ಬಳಸಿ ಕೇಳಿ. ಸರ್ಕಾರಿ ಆಸ್ಪತ್ರೇಲಿ ಇದನ್ನ ಮುಖ್ಯವಾಗಿ ಸೂಜಿ ಚುಚ್ಚಿಕೊಂಡ ಸಿಬ್ಬಂದಿಗೆ, ಲೈಂಗಿಕ ದೌರ್ಜನ್ಯ ಆದವರಿಗೆ ಅಂತ ಇಟ್ಟಿರ್ತಾರೆ. ಬೇರೆಯವರಿಗೆ ಅಲ್ಲಿ ಸಿಗದಿದ್ರೆ ಖಾಸಗಿ ಡಾಕ್ಟರ್ ಚೀಟಿ ಬರ್ಕೊಟ್ರೆ ಮೆಡಿಕಲಲ್ಲಿ ಸಿಗುತ್ತೆ, ಅಲ್ಲಿ ಇಲ್ಲಿ ಅಲೀತಾ ಟೈಮ್ ಹಾಳು ಮಾಡ್ಬೇಡಿ. ದೌರ್ಜನ್ಯ ಆಗಿದ್ರೆ ಸರ್ಕಾರಿ ಇರಲಿ ಖಾಸಗಿ ಇರಲಿ ಯಾವ ಆಸ್ಪತ್ರೆನೂ ವಾಪಸ್ ಕಳಿಸೋ ಹಂಗಿಲ್ಲ, ಚಿಕಿತ್ಸೆಗೆ ದುಡ್ಡು ಕೇಳೋ ಹಂಗೂ ಇಲ್ಲ.

ಪದೇ ಪದೇ ಅಪಾಯ ಇರೋರಿಗೆ ಪ್ರೆಪ್ ಅಂತ ಬೇರೆ ಮಾತ್ರೆ ಇದೆ, ಮುಂಚೆನೇ ತಗೊಳೋದು. ಹೇಳಿದ ಹಂಗೆ ತಗೊಂಡ್ರೆ ಸೆಕ್ಸಿಂದ ಎಚ್‌ಐವಿ ಬರೋ ಸಾಧ್ಯತೆ ಸುಮಾರು ಶೇ. 99 ಕಮ್ಮಿ ಆಗುತ್ತೆ, ಆದ್ರೆ ಗೊನೊರಿಯಾ ಸಿಫಿಲಿಸ್ ತಡೆಯಲ್ಲ. ಮೊದಲು ಎಚ್‌ಐವಿ ನೆಗೆಟಿವ್ ಇರಬೇಕು, ಕಿಡ್ನಿ ಟೆಸ್ಟ್ ಆಗಬೇಕು, ಡಾಕ್ಟರ್ ಇಲ್ಲದೆ ಶುರು ಮಾಡಬೇಡಿ.

ಹೆಜ್ಜೆ 7: ರೆಡ್ ರಿಬ್ಬನ್ ಕ್ಲಬ್ ನಡೆಸೋರಿಗೆ

ನಿಮ್ಮ ಕಾಲೇಜಲ್ಲಿ ಎಚ್‌ಐವಿ ಜಾಗೃತಿ ಮಾಡೋ ಈ ಕ್ಲಬ್ ಇದ್ದು ನೀವು ಅದರಲ್ಲಿ ವಾಲಂಟಿಯರ್ ಆಗಿದ್ರೆ ಮುಂದಿನ ಕಾರ್ಯಕ್ರಮದಲ್ಲಿ ಭಾಷಣ ಹದಿನೈದು ನಿಮಿಷಕ್ಕೆ ನಿಲ್ಲಿಸಿ. ಪ್ರಿನ್ಸಿಪಾಲ್ ಉದ್ಘಾಟನೆ ಮಾಡಿ ಹೊರಟ ಮೇಲೆನೇ ನಿಜವಾದ ಕೆಲಸ ಶುರು ಆಗೋದು. ಹುಡುಗ್ರು ಹುಡುಗೀರನ್ನ ಸ್ವಲ್ಪ ಹೊತ್ತು ಬೇರೆ ಬೇರೆ ಕೂರ್ಸಿ, ಹೆಸರಿಲ್ಲದ ಚೀಟೀಲಿ ಪ್ರಶ್ನೆ ಬರೆಸಿ, ಪೋಲಿ ಪ್ರಶ್ನೆನೂ ಸೇರಿಸಿ ಎಲ್ಲಾನೂ ಓದಿ, ನಗು ಬಂದ್ರೆ ಬರಲಿ, ನಕ್ಕ ಮೇಲೆನೇ ಜನ ಬಾಯಿ ಬಿಡೋದು. ಹತ್ತಿರದ ಐಸಿಟಿಸಿ ಕೌನ್ಸೆಲರನ್ನ ಕರೆಸಿ, ಬಾಳೆಹಣ್ಣು ಹಿಡ್ಕೊಂಡು ಕಾಂಡೋಮ್ ಹಾಕೋದು ತೋರಿಸೋಕೆ ಹೇಳಿ, ಆಮೇಲೆ ಇಬ್ಬಿಬ್ಬರನ್ನ ನಿಲ್ಲಿಸಿ ಮೇಲೆ ಬರೆದ "ನನ್ ಮೇಲೆ ನಂಬಿಕೆ ಇಲ್ವಾ" ಮಾತನ್ನ ಆಡಿಸಿ. ಆ ಮಾತನ್ನ ಮೇಡಂಗಿಂತ ಸೀನಿಯರ್ ಅಕ್ಕ ಹೇಳಿದ್ರೆ ಜಾಸ್ತಿ ನಾಟುತ್ತೆ, ಹಂಗಾಗಿ ಕ್ಲಾಸಲ್ಲಿ ಮಿಕ್ಕವರು ಯಾರ ಮಾತು ಕೇಳ್ತಾರೋ ಅಂಥ ನಾಲ್ಕು ಜನರನ್ನ ಆರಿಸಿ ಮುಂಚೆನೇ ತಯಾರು ಮಾಡಿ.

ಒಂದು ತಿಂಗಳು ಬಿಟ್ಟು ಮತ್ತೆ ಚೀಟಿ ಹಂಚಿ. ಈ ಸಲ ಎಚ್‌ಐವಿ ಪೂರ್ತಿ ಹೆಸರೇನು ಅಂತ ಕೇಳ್ಬೇಡಿ, ಐಸಿಟಿಸಿ ಯಾವ ಆಸ್ಪತ್ರೇಲಿ ಎಷ್ಟನೇ ರೂಮಲ್ಲಿದೆ, ಪೆಪ್ಪಿಗೆ ಎಷ್ಟು ಗಂಟೆ ಟೈಮಿದೆ, ಸಹಾಯವಾಣಿ ನಂಬರ್ ಏನು ಅಂತ ಮೂರೇ ಮೂರು ಕೇಳಿ. ಕಮ್ಮಿ ಜನ ಬರೆದಿದ್ರೆ ಆ ಮೂರು ಉತ್ತರನ ಎ4 ಶೀಟಲ್ಲಿ ದೊಡ್ಡದಾಗಿ ಪ್ರಿಂಟ್ ತೆಗೆದು ಹಾಸ್ಟೆಲ್ ಟಾಯ್ಲೆಟ್ ಬಾಗಿಲ ಒಳಗಡೆ ಅಂಟಿಸಿ, ನೋಟಿಸ್ ಬೋರ್ಡ್ ಮುಂದೆ ಈ ವಿಷಯ ನಿಂತು ಓದೋ ಧೈರ್ಯ ಯಾರಿಗೂ ಇರಲ್ಲ, ಅಲ್ಲಾದ್ರೆ ಎಲ್ಲರೂ ಓದ್ತಾರೆ.